ಪ್ರೆಸ್ಸಿನಲ್ಲಿ ತಮ್ಮನ ಬೆರಳು ಜಜ್ಜಿದೆ, ಈಗ ಇಎಸ್‌ಐಗೆ ಹೋದರೆ ತಡವಾಯಿತೇ?

ತುರುವೇಕೆರೆಯ ಅಕ್ಕ (14 ಸೆಪ್ಟೆಂಬರ್ 2024)

ನನ್ನ ತಮ್ಮನಿಗೆ 24 ವರ್ಷ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಪವರ್ ಪ್ರೆಸ್ (ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರ) ನಡೆಸುತ್ತಿದ್ದ. ಜುಲೈ ಎರಡನೇ ವಾರ, ರಾತ್ರಿ ಪಾಳಿಯಲ್ಲಿ, ಡೈ ಎಂಬ ಅಚ್ಚಿನ ಒಳಗೆ ಸಿಕ್ಕಿಕೊಂಡ ತುಂಡನ್ನು ತೆಗೆಯುವಾಗ ಪ್ರೆಸ್ ಇಳಿಯಿತು. ಎರಡು ಕೈಯಲ್ಲೂ ಗುಂಡಿ ಒತ್ತಿದರೆ ಮಾತ್ರ ಇಳಿಯಬೇಕಾದ ಯಂತ್ರ. ಕೆಲಸ ಬೇಗ ಸಾಗಲೆಂದು ಒಂದು ಗುಂಡಿಗೆ ಟೇಪು ಸುತ್ತಿ ಒತ್ತಿಟ್ಟಿದ್ದರಂತೆ. ಬಲಗೈಯ ತೋರುಬೆರಳಿನ ತುದಿಯ ಗೆಣ್ಣು ಹೋಯಿತು. ನಡುಬೆರಳಿನ ಒಳಗೆ ಏನೋ ತುಂಡಾಗಿತ್ತು, ಹೊಲಿದಿದ್ದೇವೆ ಎಂದರು.

ಸೂಪರ್‌ವೈಸರ್ ಅವನನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದು, 'ಮನೆಯಲ್ಲಿ ಬಾಗಿಲಿಗೆ ಸಿಕ್ಕಿದ್ದು' ಎಂದು ಬರೆಸಿದ್ದಾರೆ. ಬಿಲ್ಲು ಮಾಲೀಕರೇ ಕಟ್ಟಿದರು, ಅದಕ್ಕೆ ನಾವೂ ಸುಮ್ಮನಿದ್ದೆವು. ಒಂದು ತಿಂಗಳು ಅರ್ಧ ಸಂಬಳ ಬಂತು. ಈಗ 'ಗಾಯ ಒಣಗಿದೆಯಲ್ಲ, ಕೆಲಸಕ್ಕೆ ಬಾ, ಹಗುರ ಕೆಲಸ ಕೊಡುತ್ತೇವೆ' ಎನ್ನುತ್ತಿದ್ದಾರೆ. ನಡುಬೆರಳು ಮಡಚುವುದೇ ಇಲ್ಲ. ಅನ್ನ ಕಲಸಲು ಬರುವುದಿಲ್ಲ, ಅಂಗಿಯ ಗುಂಡಿ ಅಮ್ಮನೇ ಹಾಕಬೇಕು. ಮುಂದಿನ ಚಿಕಿತ್ಸೆಯ ಖರ್ಚು ಕೇಳಿದರೆ, 50,000 ರೂಪಾಯಿ ಒಟ್ಟಿಗೆ ಕೊಡುತ್ತೇವೆ, ಕಾಗದ ಬರೆದುಕೊಡಿ ಎನ್ನುತ್ತಾರೆ.

ಸಂಬಳ 16,000. ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಎಂದು 120 ರೂಪಾಯಿ ಕಡಿತವಾಗಿದೆ. ಕಾರ್ಡು ಎಂದೂ ಕೈಗೆ ಬಂದಿಲ್ಲ. ಎರಡು ತಿಂಗಳಾದ ಮೇಲೆ ಇಎಸ್‌ಐಗೆ ಹೋದರೆ ಸೇರಿಸಿಕೊಳ್ಳುತ್ತಾರೆಯೇ? ಬಾಗಿಲಿನ ಕಥೆ ಬರೆದಾಗಿದೆಯಲ್ಲ, ಅದಕ್ಕೇನು ಮಾಡುವುದು? ಎಲ್ಲಕ್ಕಿಂತ ಮೊದಲು ಅವನ ಬೆರಳು ಸರಿಯಾಗಬೇಕು. ತಿಳಿದವರು ಹೇಳಿ.

ಸಣ್ಣ ಕೈಗಾರಿಕೆ

ನಾನೂ ಒಂದು ಶೆಡ್ ನಡೆಸುವವನು. ಮಾಲೀಕರು ಆಸ್ಪತ್ರೆ ಬಿಲ್ಲು ಕಟ್ಟಿದ್ದಾರೆ ಎಂದರೆ ಅವರಿಗೆ ಮನುಷ್ಯತ್ವ ಇದೆ ಎಂದಾಯಿತು. ಇಎಸ್‌ಐ ಸಾಲಿನಲ್ಲಿ ನಿಂತು ದಿನ ಕಳೆಯುವುದಕ್ಕಿಂತ 50,000ವನ್ನು ಸ್ವಲ್ಪ ಹೆಚ್ಚಿಸಿಕೊಂಡು, ಒಳ್ಳೆಯ ಖಾಸಗಿ ವೈದ್ಯರಿಗೆ ತೋರಿಸಿ. ಸಂಬಂಧ ಕೆಡಿಸಿಕೊಂಡರೆ ಹುಡುಗನಿಗೆ ಪೀಣ್ಯದಲ್ಲಿ ಎಲ್ಲೂ ಕೆಲಸ ಸಿಗುವುದಿಲ್ಲ.

ಟೈಮ್ ಆಫೀಸ್ ರಾಯರು

ತಾಯಿ, ಮೇಲಿನವರ ಮಾತನ್ನು ಪಕ್ಕಕ್ಕಿಡಿ. ನಾನು ಎಂಜಿನಿಯರಿಂಗ್ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕುಳಿತು ಕೂದಲು ಬೆಳ್ಳಗೆ ಮಾಡಿಕೊಂಡವನು. ಹಾಜರಿ, ಇಎಸ್‌ಐ ವಂತಿಗೆ, ಅಪಘಾತ ಪುಸ್ತಕ ಎಲ್ಲವೂ ನನ್ನ ಮೇಜಿನ ಮೇಲೆಯೇ ಇರುತ್ತಿದ್ದವು. ಬಾಗಿಲಿಗೆ ಸಿಕ್ಕ ಬೆರಳುಗಳ ಕಥೆ ನನಗೆ ಹೊಸದಲ್ಲ. ಪೀಣ್ಯದ ಬಾಗಿಲುಗಳಷ್ಟು ಬೆರಳು ತಿಂದ ಬಾಗಿಲುಗಳು ಲೋಕದಲ್ಲಿ ಬೇರೆಲ್ಲೂ ಇರಲಾರವು.

ಮೊದಲು 50,000ದ ಲೆಕ್ಕ ಮುಗಿಸೋಣ. 16,000 ಸಂಬಳ ಎಂದರೆ ದಿನಕ್ಕೆ ಸುಮಾರು 533 ರೂಪಾಯಿ. ಕೆಲಸದಲ್ಲಿ ಗಾಯವಾಗಿ ರಜೆಯಲ್ಲಿರುವಷ್ಟು ದಿನ ಇಎಸ್‌ಐ ಅದರ ಶೇಕಡಾ 90ರಷ್ಟನ್ನು ಕೊಡಬೇಕು, ಅಂದರೆ ದಿನಕ್ಕೆ ಸುಮಾರು 480. ಕಾಯಿಲೆ ರಜೆಗೆ ಇರುವಂತೆ ಇದಕ್ಕೆ ದಿನಗಳ ಮಿತಿ ಇಲ್ಲ, ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ದಿನವೇ ಗಾಯವಾದರೂ ಹಕ್ಕು ಇದೆ. ಇನ್ನು ತೋರುಬೆರಳಿನ ಒಂದು ಗೆಣ್ಣು ಹೋದರೆ ಇಎಸ್‌ಐ ಕಾಯ್ದೆಯ ಅನುಸೂಚಿಯಲ್ಲಿ ಶೇಕಡಾ 9ರಷ್ಟು ಗಳಿಕೆ ನಷ್ಟ ಎಂದು ಅಚ್ಚಾಗಿಯೇ ಇದೆ. 480ರಲ್ಲಿ ಶೇಕಡಾ 9 ಎಂದರೆ ದಿನಕ್ಕೆ 43 ರೂಪಾಯಿ, ತಿಂಗಳಿಗೆ 1,300ರ ಆಸುಪಾಸು. ಅದು ಜೀವನಪೂರ್ತಿ ಬರುವ ಹಣ. ಮಡಚದ ನಡುಬೆರಳಿಗೆ ಇಎಸ್‌ಐನ ವೈದ್ಯಕೀಯ ಮಂಡಳಿ ಶೇಕಡಾ ಎಷ್ಟು ಹಾಕುತ್ತದೋ ಅದು ಬೇರೆ. ಮಾಲೀಕರ 50,000 ಬರೀ ಒಂದು ಗೆಣ್ಣಿನ ಮೂರು ಚಿಲ್ಲರೆ ವರ್ಷಕ್ಕೆ ಮುಗಿದುಹೋಗುತ್ತದೆ. ಹುಡುಗನಿಗೆ ಈಗ 24.

ಆದರೆ ನೀವು ಕೇಳಿದ್ದು ಹಣವನ್ನಲ್ಲ, ಬೆರಳನ್ನು. ಅದಕ್ಕೇ ಈ ಕಾಗದದ ಗೊಡವೆ. 'ಕೆಲಸದ ಗಾಯ' ಎಂದು ದಾಖಲಾಗದಿದ್ದರೆ ರಜೆಯ ಹಣ ನಿಲ್ಲುತ್ತದೆ. ಹಣ ನಿಂತರೆ ಹುಡುಗ ಅರ್ಧ ವಾಸಿಯಾದ ಕೈಯಲ್ಲೇ ಮತ್ತೆ ಪ್ರೆಸ್ಸಿಗೆ ಹೋಗುತ್ತಾನೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ನಾನು ಕಂಡ ಸೊಟ್ಟ ಬೆರಳುಗಳಲ್ಲಿ ಹೆಚ್ಚಿನವು ವೈದ್ಯರ ಕೈಗುಣದಿಂದ ಸೊಟ್ಟಗಾದವಲ್ಲ, ಬೇಗ ಕೆಲಸಕ್ಕೆ ಕರೆಸಿಕೊಂಡದ್ದರಿಂದ ಆದವು.

ಈಗ ಮಾಡಬೇಕಾದದ್ದು. ಚೀಟಿಯಲ್ಲಿ 120 ಕಡಿತವಾಗಿದೆ, ಅದು ಸರಿಯಾಗಿ ಶೇಕಡಾ 0.75. ಹಣ ನಿಜಕ್ಕೂ ಇಎಸ್‌ಐ ನಿಗಮಕ್ಕೆ ಹೋಗಿದೆಯೇ ಎಂಬುದು ಮಾಲೀಕರ ಪಾಡು. ಅವರು ಕಟ್ಟದಿದ್ದರೂ ಕಾರ್ಮಿಕನ ಸೌಲಭ್ಯ ತಪ್ಪುವುದಿಲ್ಲ, ನಿಗಮ ಅದನ್ನು ಅವರಿಂದ ವಸೂಲು ಮಾಡಿಕೊಳ್ಳುತ್ತದೆ. ಸಂಬಳದ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ಐಪಿ ಸಂಖ್ಯೆ (ವಿಮೆದಾರನ ಸಂಖ್ಯೆ) ತೆಗೆಸಿಕೊಳ್ಳಿ. ಅಪಘಾತದ ವರದಿಯನ್ನು ನಮೂನೆ 12ರಲ್ಲಿ 24 ಗಂಟೆಯೊಳಗೆ ಕಳಿಸುವುದು ಮಾಲೀಕರ ಹೊಣೆ. ಅವರು ಕಳಿಸಿಲ್ಲವೆಂದು ನಿಮ್ಮ ದಾರಿ ಮುಚ್ಚುವುದಿಲ್ಲ. ತಮ್ಮನ ಸಹಿಯಲ್ಲಿ ಒಂದು ಅರ್ಜಿ ಬರೆಯಿರಿ: ಯಾವ ದಿನ, ಎಷ್ಟು ಗಂಟೆ, ಯಾವ ಪ್ರೆಸ್, ಪಕ್ಕದಲ್ಲಿ ಯಾರಿದ್ದರು, ಯಾರು ಆಸ್ಪತ್ರೆಗೆ ಕರೆದೊಯ್ದರು, ಯಾರು ಏನೆಂದು ಬರೆಸಿದರು. ಒಂದು ಪ್ರತಿ ಬ್ರಾಂಚ್ ಮ್ಯಾನೇಜರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಕಾರ್ಖಾನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಲಿ. ಬ್ರಾಂಚ್ ಮ್ಯಾನೇಜರ್ ವಿಚಾರಣೆ ನಡೆಸಲೇಬೇಕಾಗುತ್ತದೆ.

ಬಾಗಿಲಿನ ಕಥೆಗೆ ಮದ್ದು ಅದೇ ನರ್ಸಿಂಗ್ ಹೋಮಿನಲ್ಲಿದೆ. ಚಿಕಿತ್ಸೆಯ ಪೂರ್ತಿ ದಾಖಲೆ ಬೇಕೆಂದು ಬರವಣಿಗೆಯಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನೀತಿ ನಿಯಮ ಹೇಳುತ್ತದೆ. ಡಿಸ್ಚಾರ್ಜ್ ಚೀಟಿ ಸಾಲದು, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಎಕ್ಸ್‌ರೇ ಬೇಕು. ರಾತ್ರಿ ಪಾಳಿಯ ವೇಳೆಯಲ್ಲಿ ದಾಖಲಾದದ್ದು, ಕರೆತಂದವರು ಸೂಪರ್‌ವೈಸರ್, ಹಣ ಕಟ್ಟಿದವರು ಮಾಲೀಕರು! ಯಾರ ಮನೆಯ ಬಾಗಿಲಿಗೆ ಯಾವ ಮಾಲೀಕ ಬಿಲ್ಲು ಕಟ್ಟುತ್ತಾನೆ? ಆ ರಾತ್ರಿಯ ಹಾಜರಿ, ಜೊತೆಗಾರರ ವಾಟ್ಸ್‌ಆ್ಯಪ್ ಮಾತು, ಫೋಟೊ ಎಲ್ಲವನ್ನೂ ಅಳಿಸದೆ ಇಟ್ಟುಕೊಳ್ಳಿ.

ಬ್ರಾಂಚ್ ಆಫೀಸಿನ ತೀರ್ಮಾನಕ್ಕೆ ಕಾಯುತ್ತ ಕೂರಬೇಡಿ. ಐಪಿ ಸಂಖ್ಯೆ ಸಿಕ್ಕ ದಿನವೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ರಜೆಯ ಮೊದಲ ಸರ್ಟಿಫಿಕೇಟ್ ಬರೆಸಿ. ಹಿಂದಿನ ದಿನಗಳಿಗೆ ಖಾಸಗಿ ವೈದ್ಯರ ಪ್ರಮಾಣಪತ್ರವನ್ನು ಪರ್ಯಾಯ ಸಾಕ್ಷ್ಯವಾಗಿ ಸಲ್ಲಿಸಬಹುದು, ಒಪ್ಪುವುದು ಬಿಡುವುದು ಇಎಸ್‌ಐಯವರಿಗೆ ಬಿಟ್ಟದ್ದು. ಡಿಸ್ಪೆನ್ಸರಿಯ ವೈದ್ಯರು ನಿಮಿಷಕ್ಕೊಬ್ಬ ರೋಗಿಯನ್ನು ನೋಡುತ್ತಿರುತ್ತಾರೆ. 'ನೋವಿದೆ' ಎಂದರೆ ನೋವಿನ ಮಾತ್ರೆ ಬರೆದು ಕಳಿಸುತ್ತಾರೆ. 'ನಡುಬೆರಳು ಮಡಚುವುದಿಲ್ಲ, ಕೈ ಶಸ್ತ್ರಚಿಕಿತ್ಸೆಯ ತಜ್ಞರಿಗೆ ಕಳಿಸಿ' ಎಂದು ಬಾಯಿಬಿಟ್ಟು ಕೇಳಬೇಕು. ಡಿಸ್ಪೆನ್ಸರಿಯಿಂದ ಇಎಸ್‌ಐ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ನಿಮಗೆ ಪೀಣ್ಯ ಹತ್ತಿರ, ರಾಜಾಜಿನಗರದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ಅಲ್ಲಿ ಆಗದ ಚಿಕಿತ್ಸೆಗೆ ಟೈ-ಅಪ್ (ಇಎಸ್‌ಐ ಜೊತೆ ಒಪ್ಪಂದವಿರುವ) ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ನಗದು ಕಟ್ಟಬೇಕಿಲ್ಲ. ರೆಫರಲ್ ಇಲ್ಲದೆ ನೀವಾಗಿಯೇ ಹೋಗಿ ಸೇರಿದರೆ ಮಾತ್ರ ಬಿಲ್ಲು ನಿಮ್ಮ ತಲೆಗೆ. ಸಾಲು ಉದ್ದ ಎಂಬುದು ನಿಜ, ಸುಳ್ಳು ಹೇಳುವುದಿಲ್ಲ. ಬೆಳಗ್ಗೆ ಬೇಗ ಹೋಗಿ.

ಕೊನೆಯದು, ಇದನ್ನು ತಮ್ಮನಿಗೆ ಓದಿ ಹೇಳಿ. ರಜೆಯ ಸರ್ಟಿಫಿಕೇಟಿನಲ್ಲಿ ಮೊದಲನೆಯದು, ನಡುವಿನವು, 'ಫೈನಲ್' ಎಂದು ಇರುತ್ತವೆ. ಫೈನಲ್ ಎಂದರೆ ಕೆಲಸಕ್ಕೆ ಯೋಗ್ಯ ಎಂದು ಅರ್ಥ, ಅಂದಿಗೆ ದಿನದ ಹಣ ನಿಲ್ಲುತ್ತದೆ. ತಜ್ಞರು ನೋಡುವವರೆಗೆ ಫೈನಲ್ ಬೇಡ ಎಂದು ವೈದ್ಯರಲ್ಲಿ ವಿನಯವಾಗಿ, ಗಟ್ಟಿಯಾಗಿ ಹೇಳಲಿ. ಹಾಗೆ ರಜೆಯಲ್ಲಿರುವಾಗ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ.

ಫಿಸಿಯೋ, ಹಾಸನ

ರಾಯರು ಕಾಗದದ ಮಾತು ಹೇಳಿದರು, ನಾನು ಬೆರಳಿನದು ಹೇಳುತ್ತೇನೆ. ಹೊಲಿದದ್ದು ಬೆರಳು ಮಡಚುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ಇರಬೇಕು. ಅದು ಒಂದು ಕೊಳವೆಯಂಥ ಪೊರೆಯೊಳಗೆ ಜಾರಬೇಕು. ಹೊಲಿದ ಮೊದಲ ವಾರಗಳಲ್ಲೇ ಸ್ಪ್ಲಿಂಟ್ (ಆಸರೆಯ ಪಟ್ಟಿ) ಹಾಕಿ, ಮಿತಿಯಲ್ಲಿ ಆಡಿಸದಿದ್ದರೆ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳುತ್ತದೆ. ಆ ನರ್ಸಿಂಗ್ ಹೋಮಿನಲ್ಲಿ ಫಿಸಿಯೋಥೆರಪಿಗೆ ಕಳಿಸಿದ್ದರೇ?

ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಎಡಗೈಯಿಂದ ನಡುಬೆರಳನ್ನು ನಿಧಾನವಾಗಿ, ಬಲ ಹಾಕದೆ ಮಡಚಲಿ. ಹಾಗೆ ಮಡಚಿ, ತಾನಾಗಿ ಮಾತ್ರ ಮಡಚದಿದ್ದರೆ ಟೆಂಡನ್ ಅಂಟಿರಬಹುದು ಅಥವಾ ಹೊಲಿಗೆ ಬಿಟ್ಟಿರಬಹುದು. ಎಡಗೈಯಿಂದಲೂ ಮಡಚದಿದ್ದರೆ ಕೀಲೇ ಬಿಗಿದಿದೆ. ಚಿಕಿತ್ಸೆ ಬೇರೆ ಬೇರೆ. ತಜ್ಞರಿಗೆ ಇದನ್ನೇ ಹೇಳಿ, ಸಮಯ ಉಳಿಯುತ್ತದೆ. ಅಂಟಿದ ಟೆಂಡನ್ ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ಆದರೆ ಸಾಮಾನ್ಯವಾಗಿ ಕೆಲವು ತಿಂಗಳು ವ್ಯಾಯಾಮ ಮಾಡಿಸಿ, ಕೀಲು ಸಡಿಲವಾದ ಮೇಲೆಯೇ ಮಾಡುತ್ತಾರೆ. ಆಮೇಲೆ ಒಂದೆರಡು ದಿನದಲ್ಲೇ ಬೆರಳು ಆಡಿಸಲು ಶುರು ಮಾಡದಿದ್ದರೆ ಅದೂ ವ್ಯರ್ಥ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಫಿಸಿಯೋ ಎಲ್ಲಿ, ವಾರಕ್ಕೆ ಎಷ್ಟು ಸಲ ಎಂದು ಕೇಳಿ. ಹೊಲಿದ ಟೆಂಡನ್‌ಗೆ ಪೂರ್ತಿ ಬಲ ಬರಲು 12 ವಾರ ಹಿಡಿಯುತ್ತದೆ. ಪ್ರೆಸ್ ಶಾಪಿನ 'ಹಗುರ ಕೆಲಸ' ಎಂದರೆ ತಗಡಿನ ಕಟ್ಟು ಎತ್ತುವುದು. ಈಗ ಬೇಡ.

ಮರಗಸಿ

ಇಎಸ್‌ಐ ಇಲ್ಲದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ನಮ್ಮ ತಂದೆ ಸಕಲೇಶಪುರದ ಕಡೆ ಒಂದು ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಸವರುವ ಕೆಲಸ) ಮಾಡುವಾಗ ಸಿಲ್ವರ್ ಓಕ್ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ತೋಟಕ್ಕೆ ಇಎಸ್‌ಐ ಇರಲಿಲ್ಲ. ನಮಗೆ ಅನ್ವಯವಾದದ್ದು ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ. 2010ರಿಂದ ಅದರಲ್ಲಿ ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನೂ ಮಾಲೀಕರು ಕೊಡಬೇಕೆಂಬ 4(2ಎ) ಕಲಮು ಸೇರಿತ್ತು. ಅಂಗವಿಕಲತೆಯ ಪರಿಹಾರ ಅದರ ಮೇಲೆ ಬೇರೆ. ಮೊದಮೊದಲು ನಾವು ನೋಡಿದ ವಕೀಲರಿಗೇ ಇದು ನೆನಪಿರಲಿಲ್ಲ. ಅರ್ಜಿಗೆ ಎರಡು ವರ್ಷದ ಗಡುವು ಇತ್ತು. ನಮ್ಮದು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನಡೆಯಿತು, ಅವರೇ ಪರಿಹಾರ ಆಯುಕ್ತರು. ಬಿಲ್ಲು ಇದ್ದದ್ದಕ್ಕೆಲ್ಲ ಹಣ ಬಂತು, ಬಡ್ಡಿಯೂ ಬಂತು. ಬಿಲ್ಲಿಲ್ಲದೆ ಔಷಧಿ ಅಂಗಡಿಯಲ್ಲಿ ಕೊಟ್ಟದ್ದು ಹೋಯಿತು. ಗಳಿಕೆ ನಷ್ಟ ಎಷ್ಟೆಂದು ವೈದ್ಯರು ಬಂದು ಸಾಕ್ಷಿ ಹೇಳಬೇಕು, ಅವರನ್ನು ಕರೆತರುವುದೇ ದೊಡ್ಡ ಕೆಲಸ.

ಅಕ್ಕ, ನಿಮಗೆ ಇಎಸ್‌ಐ ಇರುವುದರಿಂದ ಈ ದಾರಿ ಇಲ್ಲ. ಎರಡರಲ್ಲೂ ಕೇಳಲು ಬರುವುದಿಲ್ಲ.

ತುರುವೇಕೆರೆಯ ಅಕ್ಕ (2 ಅಕ್ಟೋಬರ್ 2024)

ಎಲ್ಲರಿಗೂ ನಮಸ್ಕಾರ. ಐಪಿ ಸಂಖ್ಯೆ ಸಿಕ್ಕಿತು. ಅದು ಒಂದು ವರ್ಷದ ಹಿಂದೆಯೇ ಇತ್ತಂತೆ, ನಮಗೆ ಹೇಳಿರಲಿಲ್ಲ ಅಷ್ಟೆ. ಅರ್ಜಿಗೆ ಮೊಹರು ಹಾಕಿಸಿಕೊಂಡಿದ್ದೇನೆ. ನರ್ಸಿಂಗ್ ಹೋಮಿನವರು ಮೊದಲು ಕಂಪನಿಯನ್ನು ಕೇಳಬೇಕು ಎಂದರು. 72 ಗಂಟೆಯ ನಿಯಮವನ್ನು ಬರೆದುಕೊಟ್ಟ ಮೇಲೆ ದಾಖಲೆ ಕೊಟ್ಟರು. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ವೈದ್ಯರೇ 'ಯಂತ್ರದಿಂದ ಜಜ್ಜಿದ ಗಾಯ' ಎಂದು ಬರೆದಿದ್ದಾರೆ! ಮೊದಲ ಪುಟದಲ್ಲಿ ಬಾಗಿಲು, ಒಳಗೆ ಯಂತ್ರ.

ಎಡಗೈಯಿಂದ ಮಡಚಿದರೆ ನಡುಬೆರಳು ಮಡಚುತ್ತದೆ. ಇದನ್ನು ಹೇಳಿದ ಕೂಡಲೇ ಇಎಸ್‌ಐ ಆಸ್ಪತ್ರೆಯ ಮೂಳೆ ವೈದ್ಯರು ತಲೆಯೆತ್ತಿ ನೋಡಿದರು. ಫಿಸಿಯೋಥೆರಪಿ ಶುರುವಾಗಿದೆ, ಪ್ಲಾಸ್ಟಿಕ್ ಸರ್ಜನ್ ನೋಡುವ ದಿನ ಗೊತ್ತಾಗಿದೆ. ಕಾರ್ಖಾನೆಯವರು ಈಗ ಮೊತ್ತವನ್ನು 80,000ಕ್ಕೆ ಏರಿಸಿ, ಜೊತೆಗೆ ರಾಜೀನಾಮೆಗೆ ಸಹಿ ಹಾಕಲು ಹೇಳುತ್ತಿದ್ದಾರೆ. ತಮ್ಮನಿಗೆ ಸ್ವಲ್ಪ ಆಸೆಯಾಗಿದೆ. ಸಹಿ ಹಾಕಿದರೆ ಚಿಕಿತ್ಸೆ ನಿಲ್ಲುತ್ತದೆಯೇ?

ಟೈಮ್ ಆಫೀಸ್ ರಾಯರು

ಆ ಟಿಪ್ಪಣಿ ಬರೆದ ವೈದ್ಯರಿಗೆ ನನ್ನದೊಂದು ನಮಸ್ಕಾರ. ಅದರ ಪ್ರತಿಯನ್ನು ಇವತ್ತೇ ಬ್ರಾಂಚ್ ಆಫೀಸಿಗೆ ಕೊಡಿ.

ಮಾಲೀಕರಿಗೆ ಬರೆದುಕೊಟ್ಟ ಕಾಗದ ಇಎಸ್‌ಐ ನಿಗಮವನ್ನು ಕಟ್ಟಿಹಾಕುವುದಿಲ್ಲ, ಗಾಯದ ಹಕ್ಕು ಉಳಿಯುತ್ತದೆ. ಆದರೂ ಸಹಿ ಬೇಡ. ವಿಚಾರಣೆ ಮುಗಿದಿಲ್ಲ, ಆ ಕಾಗದದಲ್ಲಿ 'ಕಾರ್ಖಾನೆಯಲ್ಲಿ ಯಾವ ಅಪಘಾತವೂ ಆಗಿಲ್ಲ' ಎಂಬ ಸಾಲು ಇಲ್ಲದಿದ್ದರೆ ನನ್ನ ಹೆಸರು ಬದಲಾಯಿಸಿ. ಅಂಥ ಸಾಲಿಗೆ ಅವನದೇ ಸಹಿ ಇದ್ದರೆ ಬ್ರಾಂಚ್ ಮ್ಯಾನೇಜರ್ ಯಾರನ್ನು ನಂಬಬೇಕು? ಕೆಲಸ ಬಿಡುವುದಾದರೆ ಚಿಕಿತ್ಸೆ ಮುಗಿದು ಮಂಡಳಿ ಶೇಕಡಾವಾರು ಹಾಕಿದ ಮೇಲೆ ಬಿಡಲಿ. ಶಾಶ್ವತ ಊನದ ಕಾರಣಕ್ಕೆ ಕೆಲಸ ಹೋದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ನಿವೃತ್ತಿಯ ವಯಸ್ಸಿನವರೆಗೆ ಇಎಸ್‌ಐ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು.

ಮಂಡಳಿಯ ಮುಂದೆ ಹೋಗುವಾಗ ಫಿಸಿಯೋ ಅವರಿಂದ ಬೆರಳು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದು ಬರೆಸಿಕೊಂಡು ಹೋಗಿ. ಮಂಡಳಿ ಕಡಿಮೆ ಹಾಕಿತು ಎನಿಸಿದರೆ, ತೀರ್ಮಾನ ಕೈಗೆ ಬಂದ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಲಕೋಟೆಯ ಮೇಲಿನ ಅಂಚೆ ಮೊಹರು ಹರಿಯದಂತೆ ಒಡೆಯಿರಿ, ದಿನಾಂಕಕ್ಕೆ ಅದೇ ಸಾಕ್ಷಿ.