ಬ್ಯಾಚಿಂಗ್ ಪ್ಯಾನೆಲ್‌ಗೆ ಯಾವ ಪಿಎಲ್‌ಸಿ? ರಾತ್ರಿ ಮೆಷಿನ್ ನಿಂತರೆ ಉತ್ತರ ಎಲ್ಲಿ ಸಿಗುತ್ತದೆ?

ಗೋಕುಲ್ ರೋಡ್ ಪ್ಯಾನೆಲ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಪ್ಯಾನೆಲ್ ಶಾಪ್. ನಾನು ಮತ್ತು ಇಬ್ಬರು ಹುಡುಗರು, ಅಷ್ಟೇ. ಇಷ್ಟು ವರ್ಷ ಕಾಂಟ್ಯಾಕ್ಟರ್, ಟೈಮರ್, ರಿಲೇ ಇದರಲ್ಲೇ ಹೊಟ್ಟೆ ಹೊರೆದಿದ್ದೇವೆ. ಈಗ ಕೋಳಿ ಫೀಡ್ ಮಿಲ್‌ನವರೊಬ್ಬರು ಬ್ಯಾಚಿಂಗ್ ಪ್ಯಾನೆಲ್ ಕೇಳಿದ್ದಾರೆ. ನಾಲ್ಕು ಬಿನ್, ಕೆಳಗೆ ತೂಕದ ಹಾಪರ್, 500 ಕೆಜಿ ಬ್ಯಾಚ್. ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು, ಕೊನೆಗೆ ಮಿನರಲ್ ಮಿಕ್ಸ್. ಮರಿಗೆ ಒಂದು ರೆಸಿಪಿ, ಮೊಟ್ಟೆ ಕೋಳಿಗೆ ಇನ್ನೊಂದು. ಟೈಮರ್‌ನಲ್ಲಿ ಆಗುವ ಕೆಲಸ ಅಲ್ಲ ಇದು, ಪಿಎಲ್‌ಸಿ ಬೇಕು, ಅಂದರೆ ಪ್ರೋಗ್ರಾಂ ಹಾಕಿ ಮೆಷಿನ್ ನಡೆಸುವ ಕಂಟ್ರೋಲರ್. ಇನ್‌ಪುಟ್ 13, ಔಟ್‌ಪುಟ್ 10, ಒಂದು ಲೋಡ್ ಸೆಲ್ (ತೂಕದ ಸೆನ್ಸರ್).

ಅಂಗಡಿಯವರು ಡೆಲ್ಟಾ ಅನ್ನುತ್ತಾರೆ. ಮಿಲ್ ಮಾಲೀಕರಿಗೆ ಸೀಮೆನ್ಸ್ ಅಂತ ಬರೆದಿರಬೇಕು. ನಮ್ಮ ಮಾವನ ಮಗ ಮಿತ್ಸುಬಿಷಿ ಬಿಟ್ಟು ಬೇರೆ ಹೆಸರೇ ಎತ್ತುವುದಿಲ್ಲ. ರೇಟ್ ಡೀಲರ್ ಹೇಳುತ್ತಾನೆ, ಅದು ಚಿಂತೆಯಿಲ್ಲ. ಹೋದ ವರ್ಷ ಒಂದು ಮಿಲ್‌ನಲ್ಲಿ ಬೇರೆಯವರು ಮಾಡಿದ ಪ್ಯಾನೆಲ್ ರಾತ್ರಿ 11ಕ್ಕೆ ಕೈಕೊಟ್ಟಿತು. ಪ್ರೋಗ್ರಾಂಗೆ ಪಾಸ್‌ವರ್ಡ್, ಮಾಡಿದವರ ಫೋನ್ ಸ್ವಿಚ್ ಆಫ್. ಬೆಳಗಿನವರೆಗೆ ಸುಮ್ನೆ ಕೂತಿದ್ದೆ. ನಾನು ಕನ್ನಡ ಮೀಡಿಯಂ, ಐಟಿಐ. ಯಾವ ಕಂಪನಿಯ ವೆಬ್‌ಸೈಟ್‌ನಲ್ಲಿ ನನ್ನಂಥವನಿಗೂ ಉತ್ತರ ಸಿಗುತ್ತದೆ, ಹೇಳಿ.

ಪೀಣ್ಯ ಕಮಿಷನಿಂಗ್

ಸರ್, ಆನ್‌ಲೈನ್ ಸಪೋರ್ಟ್ ಒಂದನ್ನೇ ನೋಡಿದರೆ ಸೀಮೆನ್ಸ್ ಮುಂದಿದೆ. ಅವರ ಸಪೋರ್ಟ್ ಸೈಟಿನಲ್ಲಿ ಪ್ರತಿ ಲೇಖನಕ್ಕೂ ಒಂದು ನಂಬರ್ ಇರುತ್ತದೆ. ನಂಬರ್ ಟೈಪ್ ಮಾಡಿದರೆ ನೇರ ಅಲ್ಲಿಗೇ ಹೋಗುತ್ತದೆ. ಎಷ್ಟೋ ಕಡೆ ಮಾದರಿ ಪ್ರಾಜೆಕ್ಟೇ ಡೌನ್‌ಲೋಡ್‌ಗೆ ಸಿಗುತ್ತದೆ. ಇಂಗ್ಲಿಷ್ ಪೂರ್ತಿ ಬರದಿದ್ದರೂ ಲ್ಯಾಡರ್ (ರಿಲೇ ಸರ್ಕ್ಯೂಟ್‌ನಂತೆ ಕಾಣುವ ಪ್ರೋಗ್ರಾಂ) ನೋಡಿದರೆ ಅರ್ಥವಾಗುತ್ತದೆ ಅಲ್ವಾ. ಮೆಷಿನ್ ಯಾಕೆ ನಿಂತಿತು ಅಂತ ಸಿಪಿಯು ಒಳಗಿನ ಡಯಾಗ್ನಾಸ್ಟಿಕ್ ಬಫರ್‌ನಲ್ಲಿ ಟೈಮ್ ಸಮೇತ ಬರೆದಿರುತ್ತದೆ.

ಆದರೆ ನಿಮ್ಮ ಮೆಷಿನ್ ನನ್ನದಾಗಿದ್ದರೆ ನಾನು ಡೆಲ್ಟಾ ಹಾಕುತ್ತಿದ್ದೆ. ಕಾರಣ ಆ ಹಾಪರ್.

ಸೀಮೆನ್ಸ್‌ನ ಎಸ್7-1200ರಲ್ಲಿ ನಿಮಗೆ ಎಲ್ಲರೂ ತೋರಿಸುವುದು 1214ಸಿ. 14 ಇನ್‌ಪುಟ್, 10 ಔಟ್‌ಪುಟ್, ಎರಡು ಅನಲಾಗ್ ಇನ್‌ಪುಟ್ (ಅಳತೆಯನ್ನು ವೋಲ್ಟೇಜ್ ಆಗಿ ಓದುವುದು). ಲೆಕ್ಕಕ್ಕೆ ಸರಿಯಾಗಿ ಕೂತಂತೆ ಕಾಣುತ್ತದೆ. ಆ ಅನಲಾಗ್ ಬರೀ 0–10 ವೋಲ್ಟ್, ಅದೂ 10 ಬಿಟ್. ಸ್ಕ್ರೀನ್ ಮೇಲೆ 0ಯಿಂದ 27648 ತೋರಿಸುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ನಿಜವಾದ ಮೆಟ್ಟಿಲು ಸುಮಾರು ಸಾವಿರ ಮಾತ್ರ. 500 ಕೆಜಿಯನ್ನು ಸಾವಿರ ಭಾಗ ಮಾಡಿದರೆ ಒಂದು ಮೆಟ್ಟಿಲಿಗೆ ಅರ್ಧ ಕೆಜಿ. ಜೋಳಕ್ಕೆ ನಡೆಯುತ್ತದೆ. ಎರಡೋ ಮೂರೋ ಕೆಜಿ ಹಾಕುವ ಮಿನರಲ್ ಮಿಕ್ಸ್‌ಗೆ? ಕೋಳಿಯೇ ಕಂಪ್ಲೇಂಟ್ ಕೊಡುತ್ತದೆ.

ತೂಕವನ್ನು ಅನಲಾಗ್‌ನಲ್ಲಿ ತರಲೇಬೇಡಿ. ಆರ್‌ಎಸ್-485 ಮಾಡ್‌ಬಸ್ (ವೈರ್ ಮೇಲೆ ನಂಬರ್ ಕಳಿಸುವ ಸಂಪರ್ಕ) ಇರುವ ವೇಯಿಂಗ್ ಇಂಡಿಕೇಟರ್ ಹಾಕಿ, ತೂಕ ನಂಬರ್ ಆಗಿಯೇ ಬರುತ್ತದೆ. 1200ಕ್ಕೆ ಅದಕ್ಕಾಗಿ ಬೇರೆ ಬೋರ್ಡ್ ಕೊಳ್ಳಬೇಕು. ಡೆಲ್ಟಾ 32ಇಎಸ್2ದಲ್ಲಿ ಎರಡು 485 ಪೋರ್ಟ್ ಜೊತೆಗೇ ಬರುತ್ತವೆ. ಒಂದು ಇಂಡಿಕೇಟರ್‌ಗೆ, ಇನ್ನೊಂದು ಎಚ್‌ಎಂಐಗೆ, ಅಂದರೆ ಆಪರೇಟರ್ ಸ್ಕ್ರೀನ್‌ಗೆ. 16 ಇನ್, 16 ಔಟ್. ನಾಳೆ ಮಾಲೀಕರು ಒಂದು ಹೂಟರ್ ಕೇಳಿದರೂ ಜಾಗ ಇರುತ್ತದೆ. ಕೇಳೇ ಕೇಳುತ್ತಾರೆ.

ಸಾಫ್ಟ್‌ವೇರ್ ವಿಷಯ. ಡೆಲ್ಟಾದ ಐಎಸ್‌ಪಿಸಾಫ್ಟ್ ಫ್ರೀ. ಜೊತೆಗೆ ಕಂಪ್ಯೂಟರನ್ನು ಪಿಎಲ್‌ಸಿಗೆ ಜೋಡಿಸುವ ಕಾಮ್‌ಮ್ಯಾನೇಜರ್ ಹಾಕಿ, ಅದರಲ್ಲಿ ಡ್ರೈವರ್ ಮಾಡಿ ಸ್ಟಾರ್ಟ್ ಕೊಡಬೇಕು. ಅದನ್ನು ಮರೆತು ಕೇಬಲ್ ಬದಲಾಯಿಸುತ್ತಾ ಕೂರುವವರೇ ಜಾಸ್ತಿ, ನಾನೂ ಕೂತಿದ್ದೇನೆ. ಸೀಮೆನ್ಸ್‌ನ ಟಿಐಎ ಪೋರ್ಟಲ್‌ಗೆ ಲೈಸೆನ್ಸ್ ಬೇಕು, ಟ್ರಯಲ್ 21 ದಿನ. ಹೊಸ ವರ್ಷನ್‌ಗೆ ಏರಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ.

ಡೆಲ್ಟಾ ಸೈಟಿನಲ್ಲಿ ಮ್ಯಾನುಯಲ್ ಸಿಗುತ್ತದೆ, ಮಾದರಿ ಪ್ರಾಜೆಕ್ಟ್ ಸೀಮೆನ್ಸ್‌ನಷ್ಟು ಸಿಗುವುದಿಲ್ಲ. ಆದರೆ ಎರರ್ ಲೈಟ್ ಮಿಣುಕಿದರೆ ಪಿಎಲ್‌ಸಿ ಒಳಗಿನ ಡಿ1004 ರಿಜಿಸ್ಟರ್ ನೋಡಿ. ಅಲ್ಲಿರುವ ಕೋಡ್‌ಗೆ ಮ್ಯಾನುಯಲ್‌ನಲ್ಲಿ ಒಂದು ಸಾಲಿನ ಉತ್ತರ ಇರುತ್ತದೆ. ರಾತ್ರಿ 11ಕ್ಕೆ ಅದು ಸಾಕು.

ಸಕ್ಕರೆ ಕಾರ್ಖಾನೆ ಮೆಂಟೆನೆನ್ಸ್

ಮಾವನ ಮಗನ ಪರವಾಗಿ ಎರಡು ಮಾತು. ಮಿತ್ಸುಬಿಷಿಯ ಎಫ್‌ಎಕ್ಸ್5ಯು ಒಳ್ಳೆಯ ಮಾಲು. ಈಥರ್‌ನೆಟ್, 485, 12 ಬಿಟ್ ಅನಲಾಗ್ ಎಲ್ಲಾ ಒಳಗೇ ಇದೆ. ಅದರ ಸಾಫ್ಟ್‌ವೇರ್ ಜಿಎಕ್ಸ್ ವರ್ಕ್ಸ್3ಕ್ಕೆ ದುಡ್ಡು ಕೊಡಬೇಕು. ಹಳೆಯ ಎಫ್‌ಎಕ್ಸ್3ಯು ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬ್ಯಾಟರಿ ನೋಡಿಕೊಳ್ಳಿ. ಅದರ ಪ್ರೋಗ್ರಾಂ ಬ್ಯಾಟರಿ ಮೇಲೆ ನಿಂತಿರುತ್ತದೆ.

ಅಲೆನ್-ಬ್ರಾಡ್ಲಿ ಬಗ್ಗೆ ಯಾರಾದರೂ ಹೇಳಿದರೆ: ಮೈಕ್ರೋ800ರ ಸಾಫ್ಟ್‌ವೇರ್‌ನ ಸ್ಟ್ಯಾಂಡರ್ಡ್ ಎಡಿಷನ್ ಫ್ರೀ. ಆದರೆ ಅವರ ನಾಲೆಡ್ಜ್‌ಬೇಸ್‌ನ ಬಹಳ ಲೇಖನಗಳು ಸಪೋರ್ಟ್ ಕಾಂಟ್ರ್ಯಾಕ್ಟ್ ಇದ್ದವರಿಗೆ ಮಾತ್ರ ತೆರೆಯುತ್ತವೆ. ಗೂಗಲ್‌ನಲ್ಲಿ ತಲೆಬರಹ ಕಾಣುತ್ತದೆ, ಒಳಗೆ ಹೋದರೆ ಬೀಗ.

ಯಾವ ಕಂಪನಿಗೆ ಬರೆದರೂ ಮಾಡೆಲ್ ನಂಬರ್, ಫರ್ಮ್‌ವೇರ್ ವರ್ಷನ್, ಎರರ್ ಕೋಡ್‌ನ ಫೋಟೋ ಕಳಿಸಿ. ಇಂಗ್ಲಿಷ್ ನಾಲ್ಕು ಸಾಲು ಸಾಕು.

ಗೋಕುಲ್ ರೋಡ್ ಪ್ಯಾನೆಲ್

ಡೆಲ್ಟಾ 32ಇಎಸ್2 ತಂದೆ. ಅರ್ಧ ಕೆಜಿ ಲೆಕ್ಕ ಹೇಳಿದ ಮೇಲೆ ಮಾಲೀಕರೂ ಸೀಮೆನ್ಸ್ ಮಾತು ಬಿಟ್ಟರು. ಪಾಸ್‌ವರ್ಡ್ ಇಲ್ಲದ ಪ್ರೋಗ್ರಾಂ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇನೆ ಅಂತ ಕೊಟೇಶನ್‌ನಲ್ಲೇ ಬರೆದೆ. ಈಗ ತೊಂದರೆ ಏನೆಂದರೆ ಇಂಡಿಕೇಟರ್ ಮಾತಾಡುತ್ತಿಲ್ಲ. ಎ, ಬಿ ವೈರ್ ಅದಲುಬದಲು ಮಾಡಿಯೂ ನೋಡಿದೆ.

ಪೀಣ್ಯ ಕಮಿಷನಿಂಗ್

ಡೆಲ್ಟಾದ ಪೋರ್ಟ್ ಹೊಸದಾಗಿ ಬಾಕ್ಸಿನಿಂದ ತೆಗೆದಾಗ ಅದರ ಸೆಟ್ಟಿಂಗ್ 9600, 7 ಬಿಟ್, ಈವನ್, ಆಸ್ಕಿ. ನಿಮ್ಮ ಇಂಡಿಕೇಟರ್ ಬಹುಶಃ 8 ಬಿಟ್, ನೋ ಪ್ಯಾರಿಟಿ, ಆರ್‌ಟಿಯು. ಎರಡೂ ಕಡೆ ಸೆಟ್ಟಿಂಗ್ ಒಂದೇ ಇದ್ದರೆ ಮಾತ್ರ ಮಾತಾಡುತ್ತವೆ. ಕಾಮ್2 ಪೋರ್ಟ್‌ಗೆ ಜೋಡಿಸಿದ್ದರೆ ಡಿ1120ಗೆ ಹೆಕ್ಸ್ 81 ಹಾಕಿ, ಎಂ1120 ಮತ್ತು ಎಂ1143 ಆನ್ ಮಾಡಿ. ಇಂಡಿಕೇಟರ್‌ನ ಮ್ಯಾನುಯಲ್‌ನಲ್ಲಿ ತೂಕದ ರಿಜಿಸ್ಟರ್ ಎಷ್ಟು?

ಗೋಕುಲ್ ರೋಡ್ ಪ್ಯಾನೆಲ್

40002 ಅಂತಿದೆ. ನಾನು 2 ಹಾಕಿದ್ದೆ. ಈಗ ಮಾತಾಡುತ್ತಿದೆ, ಆದರೆ ಏನೋ ಬೇರೆ ನಂಬರ್ ಬರುತ್ತಿದೆ.

ಪೀಣ್ಯ ಕಮಿಷನಿಂಗ್

40001 ಅಂದರೆ ಅಡ್ರೆಸ್ 0. ನೀವು 1 ಹಾಕಿ.

ಗೋಕುಲ್ ರೋಡ್ ಪ್ಯಾನೆಲ್

ಬಂತು ಸರ್! ಹಾಪರ್ ಮೇಲೆ ಹುಡುಗನನ್ನು ಕೂರಿಸಿದ್ದೆ. 58 ತೋರಿಸುತ್ತಿದೆ. ಅವನು 55 ಅಂತ ವಾದ ಮಾಡುತ್ತಿದ್ದಾನೆ.