ಬೇಡದಲ್ಲಿ ‘ಎಸ್’, ಬೇಕಾದಲ್ಲಿ ಇಲ್ಲ: ಇಂಗ್ಲಿಷ್ ನಾಮಪದದ ತಕರಾರು

ಪೆರ್ಲದವ:
ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ‘ಫರ್ನಿಚರ್ಸ್’, ‘ಇನ್ಫರ್ಮೇಶನ್ಸ್’ ಅಂತ ಬರೆದದ್ದಕ್ಕೆ ಕೆಂಪು ಗೆರೆ ಬಿದ್ದಿದೆ. ಕಾಸರಗೋಡು ಪೇಟೆಯ ಅಂಗಡಿ ಬೋರ್ಡಲ್ಲಿ ಹಾಗೇ ಇದೆಯಲ್ವಾ ಅಂತ ಅವಳ ವಾದ. ಅದೇ ಪುಟದಲ್ಲಿ ‘ಟೆನ್ ಕೋಕನಟ್’ ಅಂತ ಬರೆದು ‘ಎಸ್’ ಬಿಟ್ಟಿದ್ದಾಳೆ. ಹೇಗೆ ಹೇಳಿಕೊಡಲಿ?

ಕುಂಬಳೆ ಮಾಷ್ಟ್ರು:
ಬೋರ್ಡ್ ನೋಡಿ ಗ್ರಾಮರ್ ಕಲಿಯುವುದು ಬೇಡ ಅನ್ನಿ.

ಕೋಕನಟ್ ವಿಷಯದಲ್ಲಿ ದಾರಿ ತಪ್ಪಿಸಿದ್ದು ನಮ್ಮ ಕನ್ನಡದ ರೂಢಿ. ನಾವು ‘ಹತ್ತು ತೆಂಗಿನಕಾಯಿ’ ಅನ್ನುತ್ತೇವೆ, ‘ಕಾಯಿಗಳು’ ಅನ್ನಲೇಬೇಕು ಅಂತಿಲ್ಲ. ಜನರಾದರೆ ಮಾತ್ರ ‘ಹತ್ತು ಮಕ್ಕಳು’ ಆಗಲೇಬೇಕು. ಇಂಗ್ಲಿಷಿನಲ್ಲಿ ವಸ್ತುಗಳಿಗೂ ಈ ರಿಯಾಯಿತಿ ಇಲ್ಲ. ‘ಟೆನ್ ಕೋಕನಟ್ಸ್’.

ಫರ್ನಿಚರ್ ಎಣಿಸುವ ಪದವೇ ಅಲ್ಲ. ಕುರ್ಚಿ ಎಣಿಸಬಹುದು, ‘ಚೇರ್ಸ್’ ಸರಿ. ಕುರ್ಚಿ, ಮೇಜು, ಕಪಾಟು ಎಲ್ಲ ಸೇರಿದ್ದಕ್ಕೆ ಫರ್ನಿಚರ್ ಅನ್ನುವುದು. ನಮ್ಮ ‘ಅಕ್ಕಿ’ ಇದ್ದ ಹಾಗೆ. ‘ಎರಡು ಅಕ್ಕಿ ಕೊಡಿ’ ಅಂದರೆ ಅಂಗಡಿಯವರು ನಗುತ್ತಾರೆ, ‘ಎರಡು ಕಿಲೋ’ ಅನ್ನಬೇಕು. ಅಲ್ಲಿಯೂ ‘ಟೂ ಪೀಸಸ್ ಆಫ್ ಫರ್ನಿಚರ್’. ಇನ್ಫರ್ಮೇಶನ್, ಅಡ್ವೈಸ್, ಲಗೇಜ್, ಹೋಮ್‌ವರ್ಕ್ ಇದೇ ಗುಂಪು. ಇವುಗಳ ಮೊದಲು ‘ಮೆನಿ’ ಬರುವುದಿಲ್ಲ, ‘ಮಚ್’ ಬರುತ್ತದೆ.

ಆದರೆ ಅರ್ಥ ನೋಡಿ ಊಹಿಸಲು ಹೋದರೆ ಕೈಕೊಡುತ್ತದೆ. ‘ಅಡ್ವೈಸ್’ ಎಣಿಸುವಂತಿಲ್ಲ, ‘ಸಜೆಶನ್’ ಎಣಿಸಬಹುದು! ಅದಕ್ಕೇ ಕಲಿಯುವವರ ಡಿಕ್ಷನರಿ ಇಟ್ಟುಕೊಳ್ಳಿ. ಪದದ ಪಕ್ಕ ‘ಸಿ’ ಇದ್ದರೆ ಕೌಂಟಬಲ್, ‘ಯು’ ಇದ್ದರೆ ಅನ್‌ಕೌಂಟಬಲ್.

ಮುಳ್ಳೇರಿಯ:
ಮಾಷ್ಟ್ರೇ, ಹೋಟೆಲಲ್ಲಿ ‘ಟೂ ಕಾಫೀಸ್’ ಅನ್ನುತ್ತಾರಲ್ಲ?

ಕುಂಬಳೆ ಮಾಷ್ಟ್ರು:
ಸರಿಯೇ. ಅಲ್ಲಿ ಲೆಕ್ಕ ಲೋಟದ್ದು. ಪೇಪರ್ ಕೂಡ ಹಾಗೆ, ಬರೆಯುವ ಕಾಗದ ಆದರೆ ‘ಯು’, ಬೆಳಗ್ಗೆ ಬರುವ ಪತ್ರಿಕೆ ಆದರೆ ‘ಸಿ’. ಕೆಲವು ಪದಕ್ಕೆ ಎರಡೂ ಗುರುತು ಕಂಡರೆ ಗಾಬರಿ ಬೇಡ.

ಪೆರ್ಲದವ:
ಈಗ ಅವಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ. ‘ನ್ಯೂಸ್’ಗೆ ಎಸ್ ಇದೆಯಲ್ಲ, ಅದರ ಮುಂದೆ ‘ಈಸ್’ ಬದಲು ‘ಆರ್’ (are) ಹಾಕಬೇಕಾ?

ಕುಂಬಳೆ ಮಾಷ್ಟ್ರು:
ಬೇಡ. ‘ದ ನ್ಯೂಸ್ ಈಸ್’. ಮ್ಯಾಥಮ್ಯಾಟಿಕ್ಸ್ ಕೂಡ ಹಾಗೇ. ಪೊಲೀಸ್, ಕ್ಯಾಟಲ್ ಉಲ್ಟಾ: ಕೊನೆಗೆ ‘ಎಸ್’ ಇಲ್ಲ, ಆದರೂ ‘ಆರ್’. ಇವನ್ನು ಸುಮ್ನೆ ಬಾಯಿಪಾಠ ಮಾಡಿಸಿ, ಕಾರಣ ಹುಡುಕುವುದು ಆಮೇಲೆ.

ನಮ್ಮ ಮಕ್ಕಳಿಗೆ ಮಾರ್ಕು ಜಾಸ್ತಿ ಹೋಗುವ ಜಾಗ ಇನ್ನೊಂದಿದೆ, ‘ಒನ್ ಆಫ್ ಮೈ ಫ್ರೆಂಡ್’. ಅಲ್ಲಿ ‘ಫ್ರೆಂಡ್ಸ್’ ಆಗಬೇಕು, ಕ್ರಿಯಾಪದ ಮಾತ್ರ ಏಕವಚನ. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಫ್ರಮ್ ಬದಿಯಡ್ಕ’.