ಬೆಂಚು ಬರಿದಾಯಿತು: ಎಸ್‌ಇಸಿ ಕುರಿತು ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಕೊಲಂಬಸ್ ಭಾವ:
ಮೇಲೆ ಹಾಕಿರುವ, ಅಮೆರಿಕದ ಕಾಲೇಜು ಫುಟ್‌ಬಾಲಿನ ಚಾಂಪಿಯನ್ ತಂಡಗಳ ಪಟ್ಟಿಯನ್ನು ಎಲ್ಲರೂ ಒಮ್ಮೆ ನೋಡಬೇಕು. 2006ರಿಂದ 2012ರವರೆಗೆ ಸತತ ಏಳು ಋತುಗಳಲ್ಲಿ ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದವು ದಕ್ಷಿಣದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿಯ ತಂಡಗಳೇ. ಪಟ್ಟಿಯ ಕೊನೆಯ ಮೂರು ಸಾಲುಗಳಲ್ಲಿ, ಅಂದರೆ 2023ರಿಂದ 2025ರವರೆಗಿನ ಋತುಗಳಲ್ಲಿ, ಇರುವ ಹೆಸರುಗಳು ಮಿಷಿಗನ್, ಒಹಾಯೊ ಸ್ಟೇಟ್ ಮತ್ತು ಇಂಡಿಯಾನಾ. ಮೂರೂ ನಮ್ಮ ಬಿಗ್ ಟೆನ್ ಒಕ್ಕೂಟದವು. ಈ ಮೂರು ಫೈನಲ್‌ಗಳಲ್ಲಿ ಎಸ್‌ಇಸಿಯ ಒಂದು ತಂಡವೂ ಕಣಕ್ಕಿಳಿಯಲಿಲ್ಲ. ಆ ಒಕ್ಕೂಟದ ಕಾಲ ಮುಗಿಯಿತೆಂದು ಹೇಳಲು ಇನ್ನೇನು ಬೇಕು?

ಅಟ್ಲಾಂಟಾ ಚಿಕ್ಕಪ್ಪ:
ಪಟ್ಟಿ ಸರಿಯಾಗಿದೆ, ಆದರೆ ತೀರ್ಮಾನ ಅವಸರದ್ದು. ಪ್ರಶಸ್ತಿಗಾಗಿ ಋತುವಿನ ಕೊನೆಯಲ್ಲಿ ನಡೆಯುವ, ಹನ್ನೆರಡು ತಂಡಗಳ 2025ರ ಪ್ಲೇಆಫ್‌ಗೆ ಎಸ್‌ಇಸಿಯಿಂದ ಐದು ತಂಡಗಳು ಆಯ್ಕೆಯಾಗಿದ್ದವು. ಅದೇ ವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಈ ಒಕ್ಕೂಟದ 79 ಆಟಗಾರರು ಆರಿಸಲ್ಪಟ್ಟರು, ಯಾವ ಒಕ್ಕೂಟಕ್ಕೂ ಅದಕ್ಕಿಂತ ಮೊದಲು ಅಷ್ಟು ಸಂಖ್ಯೆ ಬಂದಿರಲಿಲ್ಲ. ಜಾರ್ಜಿಯಾದ ಹಳ್ಳಿಹಳ್ಳಿಯ ಶಾಲೆಗಳಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚಿ ಆಡುವ ಮಕ್ಕಳನ್ನು ಮೂವತ್ತು ವರ್ಷದಿಂದ ಕಣ್ಣಾರೆ ಕಂಡವನು ನಾನು. ಈ ಆಟ ಇಲ್ಲಿನ ಮಣ್ಣಿನಲ್ಲಿಯೇ ಇದೆ. ಎಲ್ಲ ತಂಡಗಳೂ ಬಲವಾಗಿರುವುದರಿಂದ ಒಂದನ್ನೊಂದು ಸೋಲಿಸಿ ದಣಿಯುತ್ತವೆ, ಅಷ್ಟೆ.

ಕೊಲಂಬಸ್ ಭಾವ:
ಆ ಐದು ತಂಡಗಳು ಪ್ಲೇಆಫ್‌ನಲ್ಲಿ ಏನು ಮಾಡಿದವು ಎಂಬುದನ್ನೂ ಹೇಳಬೇಕಲ್ಲವೇ, ಚಿಕ್ಕಪ್ಪ? ಅಲಬಾಮ ಗೆದ್ದದ್ದು ಓಕ್ಲಹೋಮಾದ ಮೇಲೆ. ಓಲ್ ಮಿಸ್, ಅಂದರೆ ಮಿಸಿಸಿಪಿ ವಿಶ್ವವಿದ್ಯಾಲಯ, ಗೆದ್ದದ್ದು ಮೊದಲು ಟುಲೇನ್, ಆಮೇಲೆ ನಿಮ್ಮ ಜಾರ್ಜಿಯಾದ ಮೇಲೆ. ಅಂದರೆ ತಮ್ಮ ಒಕ್ಕೂಟದ ಹೊರಗಿನ ತಂಡವನ್ನು ಅವು ಸೋಲಿಸಿದ್ದು ಒಂದೇ ಸಲ, ಅದೂ ಟುಲೇನನ್ನು. ಟೆಕ್ಸಸ್ ಎ ಅಂಡ್ ಎಂ ತನ್ನ ಸ್ವಂತ ಮೈದಾನದಲ್ಲಿ ಮಯಾಮಿಯ ಎದುರು ಮೂರೇ ಅಂಕ ಗಳಿಸಿತು. ಕ್ವಾರ್ಟರ್‌ಫೈನಲ್ ಆಗಿದ್ದ ರೋಸ್ ಬೌಲ್‌ನಲ್ಲಿ ಇಂಡಿಯಾನಾ ಅಲಬಾಮವನ್ನು 38-3ರಿಂದ ಸೋಲಿಸಿತು. ಪರಸ್ಪರ ಹೊಡೆದಾಡಿ ದಣಿದ ತಂಡ ಹೀಗೆ ಸೋಲುವುದಿಲ್ಲ. ನನ್ನ ಪ್ರಕಾರ ಕಾರಣ ಹಣವೊಂದೇ. ಬಿಗ್ ಟೆನ್ ವಿಶ್ವವಿದ್ಯಾಲಯಗಳಿಗೆ ಹಳೆಯ ವಿದ್ಯಾರ್ಥಿಗಳ ದೊಡ್ಡ ಬಳಗವಿದೆ, ಈಗ ಆ ಹಣವನ್ನು ಮುಚ್ಚುಮರೆಯಿಲ್ಲದೆ ಆಟಗಾರರಿಗೆ ಕೊಡಬಹುದಾಗಿದೆ.

ನಾನು:
ಭಾವ, ಚಿಕ್ಕಪ್ಪ, ಇಬ್ಬರ ಮಾತನ್ನೂ ಓದಿದೆ. ಅಲಬಾಮ ವಿಶ್ವವಿದ್ಯಾಲಯವಿರುವ ಟಸ್ಕಲೂಸಾದಲ್ಲಿ ಓದಿ, ಈಗಲೂ ಬರ್ಮಿಂಗ್‌ಹ್ಯಾಮ್‌ನಲ್ಲಿ ಇರುವವನಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಕ್ಷಮಿಸಬೇಕು. ಚಿಕ್ಕಪ್ಪ, ನೀವು ಮಣ್ಣು ಎನ್ನುತ್ತೀರಿ, ಭಾವ ಹಣ ಎನ್ನುತ್ತಾರೆ. ಎಸ್‌ಇಸಿಯ ಬಲ ಮೊದಲ ಹನ್ನೊಂದು ಜನರಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತವರಲ್ಲಿತ್ತು, ಮತ್ತು ಅವರನ್ನು ವರ್ಷಗಟ್ಟಲೆ ಕೂರಿಸಿ ಕಲಿಸುವ ತಾಳ್ಮೆಯಿದ್ದ ತರಬೇತುದಾರರಲ್ಲಿತ್ತು ಎಂಬುದು ನನ್ನ ನಂಬಿಕೆ.

2017ರ ಋತುವಿನ ಫೈನಲನ್ನು ನೆನಪಿಸಿಕೊಳ್ಳಿ, ಚಿಕ್ಕಪ್ಪ. ಅದು ನಿಮ್ಮ ಅಟ್ಲಾಂಟಾದಲ್ಲಿಯೇ ನಡೆದದ್ದು. ಅರ್ಧ ಆಟ ಮುಗಿದಾಗ ಅಲಬಾಮ ನಿಮ್ಮ ಜಾರ್ಜಿಯಾದ ಎದುರು 13-0ರಿಂದ ಹಿಂದಿತ್ತು. ಎರಡು ವರ್ಷ ತಂಡವನ್ನು ನಡೆಸಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡನ್ನೆಸೆದು ದಾಳಿ ನಡೆಸುವ ಆಟಗಾರ) ಜೇಲನ್ ಹರ್ಟ್ಸ್ ಅವರನ್ನು ಕೂರಿಸಿ, ಅಲಬಾಮದ ಕೋಚ್ ನಿಕ್ ಸೇಬನ್ ಅವರು ಮೊದಲ ವರ್ಷದ ಹುಡುಗ ಟುವಾ ಟಾಂಗೊವೈಲೋವಾ ಅವರನ್ನು ಇಳಿಸಿದರು, ಹೆಚ್ಚುವರಿ ಅವಧಿಯಲ್ಲಿ ಆ ಹುಡುಗ ಎಸೆದ 41 ಗಜಗಳ ಒಂದೇ ಪಾಸಿನಿಂದ ಅಲಬಾಮ 26-23ರಿಂದ ಗೆದ್ದಿತು. ಎಲ್ಲರೂ ಆ ಪಾಸನ್ನು ನೆನೆಯುತ್ತಾರೆ. ನಾನು ನೆನೆಯುವುದು ಅದೇ ವರ್ಷ ತಂಡಕ್ಕೆ ಸೇರಿ, ಆ ರಾತ್ರಿ ಅಂಚಿನಲ್ಲಿ ನಿಂತಿದ್ದ ಮೂರನೆಯ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಅವರನ್ನು. ಹರ್ಟ್ಸ್ ಹೋದರು, ಟುವಾ ಆಡಿದರು, ಜೋನ್ಸ್ ಕಾಯುತ್ತಲೇ ಇದ್ದರು. 2019ರ ಕೊನೆಯಲ್ಲಿ ಟುವಾ ಗಾಯಗೊಂಡ ಮೇಲೆ ಜೋನ್ಸ್ ಅವರಿಗೆ ಜಾಗ ಸಿಕ್ಕಿತು, 2020ರಲ್ಲಿ ಅವರು ಒಂದೂ ಪಂದ್ಯ ಸೋಲದೆ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. ಮುಂದೆ ಎನ್‌ಎಫ್‌ಎಲ್ ತಂಡಗಳನ್ನು ಮುನ್ನಡೆಸಿದ ಮೂವರು ಕ್ವಾರ್ಟರ್‌ಬ್ಯಾಕ್‌ಗಳು ಒಂದೇ ಕಾಲೇಜಿನ ಒಂದೇ ಕೋಣೆಯಲ್ಲಿ ಕುಳಿತು ಪಾಠ ಕೇಳುತ್ತಿದ್ದರು. ಬೇರೆ ಯಾವ ತಂಡಕ್ಕೂ ಇಂಥ ಬೆಂಚು ಇರಲಿಲ್ಲ.

ಇನ್ನು ಮುಂದೆ ಇರುವುದೂ ಕಷ್ಟ. 2021ರ ವಸಂತದಲ್ಲಿ ಆಟಗಾರರು ಒಂದು ವರ್ಷ ಕೂರದೆ ಕಾಲೇಜು ಬದಲಿಸಬಹುದೆಂಬ ನಿಯಮ ಬಂದಿತು. ಅದೇ ಜುಲೈ 1ರಿಂದ ತಮ್ಮ ಹೆಸರಿನಿಂದ ಹಣ ಗಳಿಸುವ ಹಕ್ಕೂ ಅವರಿಗೆ ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ, ಒಂದೊಂದು ವಿಶ್ವವಿದ್ಯಾಲಯವೂ ಆ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಬೆಂಚಿನಲ್ಲಿ ಕುಳಿತ ಹುಡುಗನಿಗೆ ಈಗ ಕಾಯುವ ಕಾರಣವಿಲ್ಲ. ಇದನ್ನು ನಾನು ಅನ್ಯಾಯವೆನ್ನುವುದಿಲ್ಲ. ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟವನ್ನು ಆಡಿದವನಿಗೆ ದಶಕಗಳ ಕಾಲ ಸಂಬಳವೇ ಇಲ್ಲದಿದ್ದದ್ದು ಅನ್ಯಾಯ. ಭಾವ, ನಿಮ್ಮ ಒಹಾಯೊ ಸ್ಟೇಟ್ 2024ರಲ್ಲಿ ಗೆದ್ದಾಗ ಫೈನಲ್‌ನಲ್ಲಿ ಮೂರು ಟಚ್‌ಡೌನ್ ಗಳಿಸಿದ ಕ್ವಿನ್‌ಶಾನ್ ಜಡ್ಕಿನ್ಸ್ ಓಲ್ ಮಿಸ್‌ನಿಂದ ಬಂದವರು, ನಿಮ್ಮ ರಕ್ಷಣೆಯ ಕಂಬವಾಗಿದ್ದ ಕೇಲಬ್ ಡೌನ್ಸ್ ನಮ್ಮ ಅಲಬಾಮದಿಂದ ಬಂದವರು. ಹಣ ಅವರನ್ನು ಸೆಳೆದಿರಬಹುದು, ಆದರೆ ಮೊದಲು ಬಾಗಿಲು ತೆರೆದದ್ದು ನಿಯಮ.

ಶಿವಮೊಗ್ಗ ದೊಡ್ಡಮ್ಮ:
ಮಗಾ, ನನಗೆ ಈ ಆಟದ ಲೆಕ್ಕ ಗೊತ್ತಿಲ್ಲ, ಆದರೂ ನೀವು ಬರೆದದ್ದನ್ನೆಲ್ಲ ಓದುತ್ತಿದ್ದೇನೆ. ಕೆಲಸದಿಂದ ತೆಗೆದ ಕೋಚ್ ಒಬ್ಬರಿಗೆ ಕೋಟಿಗಟ್ಟಲೆ ಡಾಲರ್ ಕೊಟ್ಟರೆಂದು ನಿನ್ನ ಅಣ್ಣ ಹೇಳಿದ. ತೆಗೆದ ಮೇಲೆ ಹಣ ಏಕೆ ಕೊಡಬೇಕು?

ನಾನು:
ದೊಡ್ಡಮ್ಮ, ನೀವು ಕೇಳಿದ ಪ್ರಶ್ನೆಯೇ ಈ ಚರ್ಚೆಯ ಮುಖ್ಯ ಭಾಗ. ಇಲ್ಲಿ ಮುಖ್ಯ ಕೋಚ್‌ಗಳಿಗೆ ಆರು, ಎಂಟು, ಹತ್ತು ವರ್ಷಗಳ ಕರಾರು ಮಾಡಿಕೊಡುತ್ತಾರೆ. ನಡುವೆ ತೆಗೆದರೆ, ತಪ್ಪು ನಡತೆಯ ಕಾರಣವಿಲ್ಲದಿದ್ದರೆ, ಉಳಿದ ವರ್ಷಗಳ ಸಂಬಳದ ಬಹುಪಾಲನ್ನು ಕೊಡಲೇಬೇಕು. ಟೆಕ್ಸಸ್ ಎ ಅಂಡ್ ಎಂ 2023ರ ನವೆಂಬರ್‌ನಲ್ಲಿ ಜಿಂಬೊ ಫಿಷರ್ ಅವರನ್ನು ತೆಗೆದಾಗ ಹೀಗೆ ಕೊಡಬೇಕಾಗಿ ಬಂದ ಮೊತ್ತ 7.5 ಕೋಟಿ ಡಾಲರ್‌ಗೂ ಹೆಚ್ಚು. 2025ರ ಒಂದೇ ಋತುವಿನಲ್ಲಿ ಎಸ್‌ಇಸಿಯ ಆರ್ಕನ್‌ಸಾ, ಫ್ಲಾರಿಡಾ, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್), ಆಬರ್ನ್ ಮತ್ತು ಕೆಂಟಕಿ ತಮ್ಮ ಕೋಚ್‌ಗಳನ್ನು ಕಳುಹಿಸಿದವು. ಅಷ್ಟು ಸಾಲದೆಂಬಂತೆ, ಓಲ್ ಮಿಸ್‌ನ ಕೋಚ್ ಲೇನ್ ಕಿಫಿನ್ ತಮ್ಮ ತಂಡ ಪ್ಲೇಆಫ್ ಆಡುವ ಮೊದಲೇ ಅದನ್ನು ಬಿಟ್ಟು ಎಲ್‌ಎಸ್‌ಯುಗೆ ಹೊರಟರು. ಸೆಮಿಫೈನಲ್‌ವರೆಗೆ ಆ ಹುಡುಗರನ್ನು ಕೈಹಿಡಿದು ನಡೆಸಿದವರು ಸಹಾಯಕರಾಗಿದ್ದ ಪೀಟ್ ಗೋಲ್ಡಿಂಗ್.

ಆಬರ್ನ್‌ನ ಕತೆ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಅವರು ನಮ್ಮ ಎದುರಾಳಿಗಳಾದರೂ. 2010ರಲ್ಲಿ ಪ್ರಶಸ್ತಿ ತಂದ ಜೀನ್ ಚಿಸಿಕ್ ಅವರನ್ನು ಎರಡೇ ವರ್ಷಕ್ಕೆ ತೆಗೆದರು. ಆಮೇಲೆ ಬಂದ ಗಸ್ ಮಾಲ್ಜಾನ್ 2013ರಲ್ಲಿ ತಂಡವನ್ನು ಫೈನಲ್‌ಗೆ ಒಯ್ದಿದ್ದರೂ, 2020ರಲ್ಲಿ ಎರಡು ಕೋಟಿ ಡಾಲರ್‌ಗಿಂತ ಹೆಚ್ಚು ಕೊಟ್ಟು ಅವರನ್ನು ಕಳುಹಿಸಿದರು. ಬಳಿಕ ಬಂದ ಬ್ರಯನ್ ಹಾರ್ಸಿನ್ ಎರಡು ಋತು ಪೂರೈಸಲಿಲ್ಲ, ಹ್ಯೂ ಫ್ರೀಜ್ ಮೂರನೆಯದನ್ನು ಪೂರೈಸಲಿಲ್ಲ. ಪ್ರತಿ ಸಲವೂ ಹುಡುಗರು ಹೊಸ ಪಾಠ, ಹೊಸ ಸಂಜ್ಞೆ, ಹೊಸ ಮುಖಗಳೊಡನೆ ಮೊದಲಿನಿಂದ ಆರಂಭಿಸಬೇಕಾಯಿತು. ಹೀಗಿರುವಾಗ ಕಲಿಸುವವರು ಯಾರು, ಕಲಿಯುವುದು ಯಾವಾಗ?

ಅಟ್ಲಾಂಟಾ ಚಿಕ್ಕಪ್ಪ:
ಸೇಬನ್ ಅವರಂಥ ಇನ್ನೊಬ್ಬರು ಸಿಗುವವರೆಗೆ ಹುಡುಕುವುದು ತಪ್ಪೇ? ಅವರು ಅಲಬಾಮಕ್ಕೆ ಆರು ಪ್ರಶಸ್ತಿ ತಂದರು. ಅವರು 2024ರ ಜನವರಿಯಲ್ಲಿ ನಿವೃತ್ತರಾದದ್ದೇ ನಿಮ್ಮ ಇಳಿತಕ್ಕೆ ಕಾರಣ ಎಂದು ನೇರವಾಗಿ ಒಪ್ಪಿಕೊಳ್ಳಬಾರದೇ?

ನಾನು:
ಒಪ್ಪುತ್ತೇನೆ, ಚಿಕ್ಕಪ್ಪ, ಆದರೆ ಅರ್ಧ ಮಾತ್ರ. ಇಂಡಿಯಾನಾದ ಕೋಚ್ ಕರ್ಟ್ ಸಿಗ್ನೆಟಿ ಎಲ್ಲಿಂದ ಬಂದವರು ನೋಡಿ. 2007ರಲ್ಲಿ ಸೇಬನ್ ಅಲಬಾಮಕ್ಕೆ ಬಂದಾಗ ಜೊತೆಗೆ ಬಂದ ಸಹಾಯಕರಲ್ಲಿ ಅವರೊಬ್ಬರು. ನಾಲ್ಕು ವರ್ಷ ಇಲ್ಲಿ ದುಡಿದು, ಆಮೇಲೆ ಹೆಸರೇ ಕೇಳಿರದ ಸಣ್ಣ ಕಾಲೇಜುಗಳಲ್ಲಿ ಹದಿಮೂರು ವರ್ಷ ಕಲಿಸಿ, 2023ರಲ್ಲಿ 3-9, ಅಂದರೆ ಮೂರು ಗೆದ್ದು ಒಂಬತ್ತು ಸೋತಿದ್ದ ಇಂಡಿಯಾನಾವನ್ನು ವಹಿಸಿಕೊಂಡು, ಎರಡನೆಯ ಋತುವಿನಲ್ಲಿ 16-0 ಮಾಡಿದರು. ಅವರು ಕಟ್ಟಿದ ತಂಡದಲ್ಲಿ ಬೇರೆ ಕಾಲೇಜುಗಳಿಂದ ಬಂದವರೇ ಬಹಳ. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದು, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದರು. ಫೈನಲ್‌ನಲ್ಲಿ ಅವರೆದುರು ಸೋತ ಮಯಾಮಿಯ ಕೋಚ್ ಮಾರಿಯೊ ಕ್ರಿಸ್ಟೊಬಲ್ ಕೂಡ ಸೇಬನ್ ಅವರ ಬಳಿ ದುಡಿದವರು. ಫೈನಲ್‌ನ ಎರಡೂ ಬದಿಯಲ್ಲಿ ನಮ್ಮ ಊರಿನ ವಿದ್ಯೆ ಇತ್ತು, ಮೈದಾನದಲ್ಲಿ ನಮ್ಮ ತಂಡ ಮಾತ್ರ ಇರಲಿಲ್ಲ.

ಮಣ್ಣಿನ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. 1970ರ ಸೆಪ್ಟೆಂಬರ್‌ನಲ್ಲಿ, ನಾನಿರುವ ಇದೇ ಬರ್ಮಿಂಗ್‌ಹ್ಯಾಮ್‌ನ ಲೀಜನ್ ಫೀಲ್ಡ್‌ನಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅಲಬಾಮವನ್ನು 42-21ರಿಂದ ಸೋಲಿಸಿತು. ಆ ತಂಡದ ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ ಆ ರಾತ್ರಿ ಎರಡು ಟಚ್‌ಡೌನ್ ಗಳಿಸಿದರು, ಅಲಬಾಮದ ಪರವಾಗಿ ಕಣಕ್ಕಿಳಿದವರೆಲ್ಲ ಬಿಳಿಯರೇ. ತನ್ನ ಮಣ್ಣಿನಲ್ಲಿ ಹುಟ್ಟಿದ ಕಪ್ಪು ಹುಡುಗರನ್ನೇ ಹೊರಗಿಟ್ಟಿದ್ದ ಕಾಲದಲ್ಲಿ ಮಣ್ಣು ಯಾರನ್ನು ಕಾಪಾಡಿತು? ಆಗಿನ ಅಲಬಾಮ ಕೋಚ್ ಬೇರ್ ಬ್ರಯಂಟ್ 1969ರಲ್ಲಿ 6-5, 1970ರಲ್ಲಿ 6-5-1 (ಕೊನೆಯದು ಸಮಬಲ). ಇಂದಾಗಿದ್ದರೆ ಅವರ ಕೈಗೆ ಚೆಕ್ ಕೊಟ್ಟು ಕಳುಹಿಸುತ್ತಿದ್ದರು. ಅಂದು ಕಳುಹಿಸಲಿಲ್ಲ. ಮರುವರ್ಷ ಅವರು ಆಡುವ ರೀತಿಯನ್ನೇ ಬದಲಿಸಿ, ಚೆಂಡನ್ನು ಹಿಡಿದು ಓಡುವುದನ್ನೇ ನೆಚ್ಚಿದ ವಿಶ್‌ಬೋನ್ ವ್ಯೂಹ ತಂದರು, ಕಪ್ಪು ಆಟಗಾರರು ಮೊದಲ ಬಾರಿಗೆ ಅಲಬಾಮದ ಪರ ಆಡಿದರು, ತಂಡ 11-1 ಆಯಿತು.

ಕೊಲಂಬಸ್ ಭಾವ:
ಹಾಗಾದರೆ ಸೇಬನ್ ಅವರ ಜಾಗಕ್ಕೆ ಬಂದ ಕೇಲನ್ ಡಿಬೋರ್ ಅವರನ್ನೂ ಉಳಿಸಿಕೊಳ್ಳಬೇಕೆನ್ನುತ್ತೀಯಾ? ಎಸ್‌ಇಸಿಯಲ್ಲಿ ದುರ್ಬಲವೆನಿಸಿದ್ದ ವ್ಯಾಂಡರ್‌ಬಿಲ್ಟ್ ಎದುರು 40-35ರಿಂದ ಸೋತ ಕೋಚ್ ಅವರು.

ನಾನು:
ಹೌದು, ಭಾವ. ಆ ಸೋಲಿನ ರಾತ್ರಿ ನಾನು ಊಟ ಮಾಡಲಿಲ್ಲ, ಅಕ್ಕನಿಗೆ ಗೊತ್ತು. ಮೊದಲ ವರ್ಷ 9-4, ಎರಡನೆಯ ವರ್ಷ 11-4, ಕೊನೆಗೆ ರೋಸ್ ಬೌಲ್‌ನ ಆ 38-3. ಅವರನ್ನು ತೆಗೆಯಬೇಕೆಂದು ನನ್ನ ಕಚೇರಿಯಲ್ಲಿ ವಾದಿಸುವವರೇ ಹೆಚ್ಚು. ಅವರನ್ನು ತೆಗೆದರೆ ಅವರೊಡನೆ ಎರಡು ವರ್ಷ ಕಲಿತ ಹುಡುಗರಲ್ಲಿ ಅರ್ಧದಷ್ಟು ಜನ ಆ ವಾರವೇ ಬೇರೆ ಕಾಲೇಜುಗಳಿಗೆ ಹೊರಡುತ್ತಾರೆ, ಅವರಲ್ಲಿ ಒಳ್ಳೆಯವರನ್ನು ನಿಮ್ಮ ಒಹಾಯೊ ಸ್ಟೇಟ್ ಕರೆದುಕೊಳ್ಳುತ್ತದೆ. ಚಿಕ್ಕಪ್ಪ, 2016ರಲ್ಲಿ, ಕೋಚ್ ಕರ್ಬಿ ಸ್ಮಾರ್ಟ್ ಅವರ ಮೊದಲ ವರ್ಷ ನಿಮ್ಮ ಜಾರ್ಜಿಯಾ ವ್ಯಾಂಡರ್‌ಬಿಲ್ಟ್‌ಗೆ ಸ್ವಂತ ಮೈದಾನದಲ್ಲಿ 17-16ರಿಂದ ಸೋತು 8-5ರಲ್ಲಿ ಮುಗಿಸಿತ್ತಲ್ಲ. ಆಗ ಅವರನ್ನು ತೆಗೆಯಬೇಕೆಂದು ನೀವು ಹೇಳಿದ್ದಿರಾ?

ಅಟ್ಲಾಂಟಾ ಚಿಕ್ಕಪ್ಪ:
ಹೇಳಿದ್ದೆ. ಐದು ವರ್ಷ ಕಾದ ಮೇಲೆ ಪ್ರಶಸ್ತಿ ಬಂದಿತು.